ಶುಕ್ರವಾರದ ಕೊನೇ ಪೀರಿಯಡ್ಡು

ನಾನು ಮೀಟರ್ ಓದುವವಳು.
ಗುತ್ತಲು, ಕಲ್ಲಹಳ್ಳಿ, ಸಕ್ಕರೆ ಕಾರ್ಖಾನೆ ಹಿಂದಿನ ಲೈನುಮನೆಗಳು,
ತಿಂಗಳಿಗೊಮ್ಮೆ ಎಲ್ಲರ ಬಾಗಿಲಿಗೂ ಹೋಗುತ್ತೇನೆ.
ಮೀಟರಿನ ಪಕ್ಕ ಒಂದು ಮೊಳೆಗೆ ಹೇಗೋ ಜಾಗ ಇರುತ್ತದೆ:
ಒಂದು ಕಡೆ ದೇವಿ, ಒಂದು ಕಡೆ ಏಸು,
ಹಸಿರು ಗುಮ್ಮಟದ ಕ್ಯಾಲೆಂಡರು, ಒಣಗಿದ ನಿಂಬೆಹಣ್ಣು.
ದಾಟಿ ಅಂಕಿ ನೋಡುತ್ತೇನೆ. ಬಿಲ್ಲು ಹರಿದು ಕೊಡುತ್ತೇನೆ.
ಯಾರ ಮೊಳೆಯನ್ನೂ ಇವತ್ತಿನವರೆಗೆ ಕಿತ್ತವಳಲ್ಲ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ
ಬೋರಲಿಂಗಯ್ಯ ಮೇಷ್ಟ್ರು ಮೊದಲು ಕೇಳಿದ್ದೇ ಅದು:
'ಏನವ್ವಾ, ದೇವ್ರ ಮೇಲೆ ಏನು ಸಿಟ್ಟು ನಿಂಗೆ?'
ಸಿಟ್ಟಿಲ್ಲ ಸಾರ್.
ಸಿಟ್ಟಾಗೋಕೆ ಎದುರಿಗೆ ಒಬ್ಬರು ಇರಬೇಕಲ್ಲ.

ಮಗಳ ಹೆಸರು ತೆನೆ.
ಸೇರಿಸುವ ದಿನ ಗುಮಾಸ್ತ ಕನ್ನಡಕ ಮೇಲೆತ್ತಿ
'ಎಲೆಕ್ಷನ್ ಗುರುತಾ?' ಅಂತ ನಕ್ಕಿದ್ದ.
ಧರ್ಮ ಅನ್ನುವ ಕಡೆ ಗೆರೆ ಎಳೆದಿದ್ದೆ.
'ಗೆರೆ ತಗೊಳಲ್ಲ ಕಂಪ್ಯೂಟ್ರು' ಅಂದ, ತಾನೇ ಏನೋ ಒತ್ತಿದ.
ಹಾಗೆ ನನ್ನ ಮಗಳಿಗೆ ಒಂದು ಧರ್ಮ ಬಂತು,
ಒಂದೇ ಬೆರಳಿನಿಂದ, ಟೀ ಬರುವ ಮುಂಚೆ.

ಶಾಲೆ ಟ್ರಸ್ಟಿನದು. ಸಂಬಳ ಸರ್ಕಾರದ್ದು.
ಸರ್ಕಾರದ್ದು ಅಂದರೆ ನನ್ನ ಸ್ಕೂಟಿಯ ಪೆಟ್ರೋಲಿನದು,
ಜಬೀನಾಳ ಅಮ್ಮ ಕೊಳ್ಳುವ ದಾರದುಂಡೆಯದು.
ಶುಕ್ರವಾರದ ಕೊನೇ ಪೀರಿಯಡ್ಡಿಗೆ
ವೇಳಾಪಟ್ಟಿಯಲ್ಲಿ 'ನೀತಿ' ಅಂತ ಬರೆದಿದೆ.
ಒಳಗೆ ಕೈಮುಗಿದು, ಕಣ್ಣು ಮುಚ್ಚಿ, ಶ್ಲೋಕ, ಪೂಜೆಯ ಕ್ರಮ,
ಮಾಡದಿದ್ದವರಿಗೆ ಏನಾಯಿತು ಅನ್ನುವ ಕತೆ.
ಜಬೀನಾ ತುಟಿ ಮಾತ್ರ ಅಲ್ಲಾಡಿಸುತ್ತಾಳಂತೆ.
ತೆನೆ ಅದನ್ನು ಹೇಳಿದ ರಾತ್ರಿ ಅರ್ಜಿ ಬರೆದೆ.

ಸಂವಿಧಾನ, ಇಪ್ಪತ್ತೆಂಟನೇ ವಿಧಿ, ಮೂರನೇ ಖಂಡ:
ಪೋಷಕರು ಒಪ್ಪದೆ ಮಗುವನ್ನು ಕೂರಿಸುವಂತಿಲ್ಲ.
ಜವರೇಶ ಓದಿ 'ಮಾನ್ಯರೇ ಅಂತ ಸೇರ್ಸು' ಅಂದ.
ಸೇರಿಸಿದೆ.

ಮೇಷ್ಟ್ರು ಕೆಟ್ಟವರಲ್ಲ.
ಕೊಳೆತ ಮೊಟ್ಟೆ ಬಂದ ದಿನ ಗುತ್ತಿಗೆದಾರನನ್ನು
ನಡುಬೀದಿಯಲ್ಲಿ ನಿಲ್ಲಿಸಿ ಬೈದವರು.
ಅರ್ಜಿ ಮಡಿಚಿ ಜೇಬಿಗಿಟ್ಟು ಹೇಳಿದರು:
'ನಾನ್ನೂರು ಮಕ್ಳಲ್ಲಿ ಒಂದು ಎದ್ದೋದ್ರೆ ಚಂದ ಕಾಣ್ತದಾ?
ಒಸಿ ಅಡ್ಜಸ್ಟ್ ಮಾಡ್ಕ.'

ಎದ್ದು ಹೋದಳು.
ಸ್ಟೋರ್ ರೂಮಿನ ಬಾಗಿಲಲ್ಲಿ, ಅಕ್ಕಿ ಮೂಟೆಗೆ ಒರಗಿ, ಒಂದು ಸ್ಟೂಲು.
ಮೊದಲ ವಾರ ಕಬ್ಬಿನ ಲಾರಿ ಎಣಿಸಿದಳು, ಹದಿನಾರು.
ಎರಡನೇ ವಾರ ಹನ್ನೊಂದು, ಮತ್ತೆ ಒಂದು ಟ್ರ್ಯಾಕ್ಟರು.
ಮೂರನೇ ವಾರ ಎಣಿಸಲಿಲ್ಲ.
ಆ ರಾತ್ರಿ ಪಾತ್ರೆ ಒರೆಸುತ್ತ ಅದೇ ಶ್ಲೋಕ ಗುನುಗುತ್ತಿದ್ದಳು,
ಒಂದಕ್ಷರ ತಪ್ಪಿಲ್ಲದೆ, ಗೋಡೆಯಾಚೆಯಿಂದ ಕಲಿತದ್ದು.
ನನ್ನ ಮುಖ ನೋಡಿ ನಿಲ್ಲಿಸಿದಳು.
'ರಾಗ ಚೆನಾಗದೆ, ಅಷ್ಟೇ.'
ಆಮೇಲೆ,
'ಅವ್ರು ನಿನ್ನ ಕೇಳ್ಬೇಕಿತ್ತು ಅಂತೀಯ.
ನೀನು ನನ್ನ ಕೇಳಿದ್ಯಾ?'

ನಲ್ಲಿ ಸುರಿಯುತ್ತಲೇ ಇತ್ತು.
ಕೇಳಿರಲಿಲ್ಲ.

ಎರಡನೇ ಅರ್ಜಿ ಗಿಡ್ಡ.
ಎಲ್ಲರ ಮನೆಗೂ ಚೀಟಿ ಕಳಿಸಿ. ಬೇಕು, ಬೇಡ, ಎರಡು ಚೌಕ.
ಬೇಡ ಅಂದವರಿಗೆ ಒಂದು ಕೋಣೆ, ಒಂದಿಷ್ಟು ಪುಸ್ತಕ.
ಮೇಷ್ಟ್ರು ಕಳಿಸಿದರು,
ನಾನು ಒಂಟಿ ಅಂತ ನನಗೇ ಗೊತ್ತಾಗಲಿ ಅಂತ.
ಹತ್ತೊಂಬತ್ತು 'ಬೇಡ' ಬಂದವು.
ಅದರಲ್ಲೊಂದು ಅರ್ಚಕ ಸಂಪತ್ತು ಅವರ ಮನೆಯದು:
'ಅಲ್ಲಿ ಉಚ್ಚಾರ ಕೆಡುತ್ತೆ. ನಾವು ಮನೇಲೇ ಹೇಳಿಕೊಡ್ತೀವಿ.'
ಜಬೀನಾಳ ಮನೆಯಿಂದ ಬಂದದ್ದು 'ಬೇಕು'.
ಮುಂದಿನ ತಿಂಗಳು ಮೀಟರ್ ಓದಲು ಹೋದಾಗ
ಅವಳಮ್ಮ ನೀರು ಕೊಟ್ಟರು, ನೆಲ ನೋಡುತ್ತ.
ತೊಂಬತ್ತೊಂದು ಯೂನಿಟ್ಟು ಅಂದೆ. ಬೇರೇನೂ ಅನ್ನಲಿಲ್ಲ.

ತೆನೆಯ ಚೀಟಿ ಇನ್ನೂ ಹೋಗಿಲ್ಲ.
ಕೆಳಗೆ ನನ್ನ ಸಹಿ ಇದೆ, ಮೇಲೆ ಚೌಕಗಳು ಖಾಲಿ.
ಕಂಪಾಸ್ ಬಾಕ್ಸಿನಲ್ಲಿ, ರಬ್ಬರಿನ ಅಡಿ, ಮಡಿಚಿಟ್ಟಿದ್ದಾಳೆ.
ಬೆಳಿಗ್ಗೆ ಬ್ಯಾಗಿಗೆ ಡಬ್ಬಿ ಇಡುವಾಗ
ಅದು ಕೈಗೆ ತಾಕುತ್ತದೆ, ಗಲಗಲ ಅನ್ನುತ್ತದೆ.
ತೆರೆದಿಲ್ಲ.